ತೂತ ಬೀಳದ ಮನಿ

ಸಪ್ತಾಪುರದಾಗ ನಮ್ಮ ಖಾನಾವಳಿ, ನೀವು ನೋಡಿರಬೇಕು,
ಝೆರಾಕ್ಸ್ ಅಂಗಡಿ ಬಾಜೂಕ, ಮೂರ ಪಾವಟಿಗಿ ಇಳದು ಒಳಗ.
ಬೋರ್ಡಿನ ಮ್ಯಾಲೆ ಬರೇ ‘ಊಟ’ ಅಂತ ಐತಿ.
ಹೆಸರ ಬರಸಾಕ ಪೇಂಟರಗ ಮುಂಗಡ ಕೊಟ್ಟಿದ್ದೆ,
ಬರಲಿಲ್ಲ. ಆ ವರ್ಷ ಯಾರು ಬಂದಾರು.

ಹುಡುಗ್ರಿಗೆ ಕಾರ್ಡ್ ಮಾಡಿದ್ದೆ, ಅರವತ್ತು ಮನಿ ಗೀಚಿದ್ದು.
ತಿಂಗಳ ರೊಕ್ಕ ಮೊದಲ. ಒಂದ ಊಟಕ್ಕ ಒಂದ ಮನಿ ತೂತು.
ಪಿಎಸ್‌ಐ ಓದವರು, ಎಫ್‌ಡಿಎ ಓದವರು,
ರೊಟ್ಟಿ ಮುರಕೋತ ಇಸವಿ ಬಾಯಿಪಾಠ ಮಾಡವರು.
ಯುಗಾದಿ ಎರಡ ದಿನ ಇತ್ತು,
ಹೋಳಿಗಿಗೆ ಕಡ್ಲಿಬ್ಯಾಳಿ ತಂದಿಟ್ಟಿದ್ದೆ.
‘ಹದಿನೈದ ದಿನ ಅಕ್ಕಾರ, ಬಂದಬಿಡತೀವಿ’ ಅಂದ್ರು.
ಟೆಂಪೋ ಹತ್ತಿದರು. ಕಾರ್ಡು ಕಿಸೇದಾಗ.

ಇವರ ಸಾಲಿ ವ್ಯಾನಿನ ಗಾಲಿ ನೆಲಕ್ಕ ಕುಂತವು.
ಕಂತು ಮೂರ ತಿಂಗಳ ಬ್ಯಾಡ ಅಂದ್ರು ಬ್ಯಾಂಕಿನವರು.
ಎಲ್ಲಾರೂ ಮನಿ ಹಿಡದಿದ್ವಿ;
ಬಡ್ಡಿ ಒಂದ, ಮಾಸ್ಕಿಲ್ಲದ ಊರ ತುಂಬ ತಿರಗ್ಯಾಡತಿತ್ತು.
ಪಾಟ್ಲಿ ಒಯ್ಯೂ ದಿನ ಕೈಯಿಂದ ಇಳಿವಲ್ಲವು.
ಸಾಬಾಣ ಹಚ್ಚಿ ತಿಕ್ಕಿದೆ. ಟಿವ್ಯಾಗ ಹೇಳತಿದ್ರಲ್ಲ,
ಇಪ್ಪತ್ತು ಸೆಕೆಂಡು ತೊಳೀರಿ ಅಂತ,
ಅಷ್ಟ ಹೊತ್ತು ಹಿಡೀತು.

ಭಿಶಿಯೊಳಗ ಹನ್ನೆರಡು ಹೆಂಗಸರು.
ಮೊದಲ ಎತ್ತಿದಾಕಿ ಸುಲೋಚನಾ. ಅಕಿ ಗಂಡ
ಎರಡನೇ ಸಲಕ್ಕ ಹ್ವಾದ, ಹುಬ್ಬಳ್ಳಿ ದವಾಖಾನ್ಯಾಗ, ಹದಿನೆಂಟು ದಿನಕ್ಕ.
ಉಳದ ಕಂತು ಕೇಳಬೇಕೋ ಬ್ಯಾಡೋ,
ಹನ್ನೊಂದು ಮಂದಿ ಹನ್ನೊಂದು ಗ್ವಾಡಿಗೆ ಮಾರಿ ಮಾಡಿ ಕುಂತಿವಿ.
ಈಗೂ ಸಂತ್ಯಾಗ ನನ್ನ ಕಂಡ್ರ
ತೂಗಿಸಿದ ಕಾಯಿಪಲ್ಲೆ ಬಿಟ್ಟು ಹೊಳ್ಳತಾಳ.
ಕೇಳಾಕ ಬರತಿದ್ದಿಲ್ಲ ಸುಲೂ, ಮಾತಾಡಾಕ.

ಇವೆಲ್ಲಾ ಮಂದಿ ಬಂದು ಕೇಳೂ ಸಾಲ.
ನಿದ್ದಿ ಕೆಡಿಸಿದ್ದು ಯಾರೂ ಕೇಳಲಾರದ್ದು.
ಡೈರಿ ತಗದು ಕೂಡಿಸಿದೆ. ನಲವತ್ತೊಂದು ಹುಡುಗ್ರು,
ತೂತ ಬೀಳದ ಮನಿ ಸಾವಿರದ ನೂರಾ ಆರು.
ರೊಕ್ಕ ಇಸಗೊಂಡೀನಿ. ಊಟ ಹಾಕಿಲ್ಲ.
ಆ ರೊಕ್ಕ ಜ್ವಾಳ ಆಗಿತ್ತು. ಅರ್ಧಾ ಜ್ವಾಳ
ರೊಟ್ಟಿ ಮಾಡೂ ಮಾಬೂಬಿ ಪಗಾರ ಅಂತ ಒಯ್ದಳು,
ಅರ್ಧಾಕ್ಕ ಹುಳ ಬಿತ್ತು.

ನಸಿಕಲೆ ನಾಕಕ್ಕ ಎಚ್ಚರ. ಕೈ ತಾವಾಗೇ ಬಡೀತಿದ್ವು,
ಹಾಸಿಗಿ ಮ್ಯಾಲೆ, ಹಿಟ್ಟಿಲ್ಲದ.
‘ಯಾರಿಗೆ ಮಾಡಾಕತ್ತಿ’ ಅಂತಿದ್ರು ಇವರು, ಕಣ್ಣ ತಗೀದ.
ಡಾಕ್ಟರು ಬಿಪಿ ನೋಡಿ ಏನ ತ್ರಾಸು ಅಂದ.
ಸಾವಿರದ ನೂರಾ ಆರು ಅಂದೆ.
ಸಕ್ಕರಿ ಅಂತ ತಿಳದು ಗಾಬರಿ ಆದ.

ಮೊನ್ನೆ ದಸರಾ ಮುಂದ ಮೌನೇಶ ಬಂದಿದ್ದ, ಶಹಾಪುರ ಕಡಿಯಾಂವ.
ಗಡ್ಡದಾಗ ಬಿಳಿ. ಯುನಿವರ್ಸಿಟಿಗೆ ಮಾರ್ಕ್ಸ್‌ಕಾರ್ಡ್ ಒಯ್ಯಾಕ.
ಪರೀಕ್ಷಾ ಮುಂದ ಹಾಕೋತ ಹಾಕೋತ
ವಯಸ್ಸು ಮೀರಿತಂತ ಇವಂದು.
ಸೊಸೈಟಿ ಗೊಬ್ಬರದ ಗೋದಾಮಿನಾಗ ಚೀಟಿ ಬರೀತಾನ ಈಗ.
ನಾಕ ರೊಟ್ಟಿ ಉಂಡ, ಬದನಿಕಾಯಿ ಇನ್ನೊಮ್ಮೆ ಹಾಕಿಸಿಕೊಂಡ.
ಎದ್ದು ಎಂಬತ್ತು ರೂಪಾಯಿ ಎಣಿಸಿದ.

ಕಾರ್ಡ್ ಐತೇನು, ಅಂದೆ.

ನಕ್ಕ. ಆಮ್ಯಾಲೆ ಪಾಕೀಟು ಬಿಚ್ಚಿ
ಯಾರದೋ ಫೋಟೋದ ಹಿಂದಿಂದ ಎಳದ.
ಮಡಿಕ್ಯಾಗ ಹರದಿತ್ತು. ಉಳದ ಮನಿ ಮೂವತ್ತೇಳು.
‘ಆಗಿನ ರೇಟ ಬ್ಯಾರೆ ಇತ್ತಲ್ರಿ ಅಕ್ಕಾರ.’
ತಾ ಇಲ್ಲಿ, ಅಂದೆ.

ತೂತ ಹಾಕೂದು ಜಂಗ ಹಿಡಿದಿತ್ತು.
ಒಗ್ಗರಣಿ ಎಣ್ಣಿ ಎರಡ ಹನಿ ಬಿಟ್ಟು ಒತ್ತಿದೆ, ಎರಡ ಸಲ.
ಬ್ಯಾಳಿಯಷ್ಟು ಕಾಗದ ನೆಲಕ್ಕ ಬಿತ್ತು.
ಉಳದಿದ್ದು ನಿಮ್ಮ ಹತ್ರ ಇರ್ಲಿ, ಅಂದ.
ಬ್ಯಾಡ, ಒಯ್ಯಪಾ. ನಂಗ ಕೊಟ್ರ ಮತ್ತ ಎಣಸ್ತೀನಿ.

ಆ ರಾತ್ರಿನೂ ನಾಕಕ್ಕ ಎಚ್ಚರಾತು, ಸುಳ್ಳ ಯಾಕ ಹೇಳ್ಲಿ.
ಸಾವಿರದ ನೂರಾ ಐದು.