ಏಳನೆಯ ರೀಲು

ಆಗ ಒಂದೇ ಪ್ರಿಂಟು, ಎರಡು ಟಾಕೀಸು.
ಕಾಸರಗೋಡಿನಲ್ಲಿ ಆರೂವರೆಗೆ ಶುರುವಾದ ಕೊಲೆ
ಉಪ್ಪಳ ಮುಟ್ಟುವಾಗ ಎಂಟು ಗಂಟೆ.
ನಡುವೆ ಬಸ್ಸಿನಲ್ಲಿ ನಾನು,
ತೊಡೆಯ ಮೇಲೆ ತಗಡಿನ ಪೆಟ್ಟಿಗೆ,
ಅದರೊಳಗೆ ಸುರುಳಿ ಸುತ್ತಿ ಮಲಗಿದ ಕೊಲೆಗಾರ.
ಕಂಡಕ್ಟರ್ ಮೊಯ್ದುಚ್ಚ ದಿನಾ ಕೇಳುವುದು:
"ದೂಮಣ್ಣಾ, ಇವತ್ತು ಎಷ್ಟು ಮಂದಿ?"
ಪೆಟ್ಟಿಗೆಗೆ ಅರ್ಧ ಟಿಕೇಟು. ಹೆಣಗಳಿಗೆ ಪುಕ್ಕಟೆ.

ಮುಖಕ್ಕೆ ಹರಿದ ಸೊಳ್ಳೆಪರದೆ ಕಟ್ಟಿದ ಬಡಕಲು ಆಸಾಮಿ ಅವನು.
ಓಡುವಾಗ ಪಂಚೆ ಎಡವುತ್ತಿದ್ದ.
ಅದು ರಕ್ತವಲ್ಲ, ನನ್ನಾರಿ ಶರಬತ್ತು ಎಂದು
ಮಿಶಿನ್ ರೂಮಿನ ಐತಪ್ಪ ತೀರ್ಪು ಕೊಟ್ಟಾಗಿತ್ತು.
ಆದರೂ ಮೂರನೇ ವಾರಕ್ಕೂ ಬೆಂಚು ತುಂಬಿತು,
ಶರಬತ್ತಿಗೇ ಹೆದರಿ ಜನ
ಒಬ್ಬರ ಹೆಗಲಲ್ಲಿ ಒಬ್ಬರು ಮುಖ ಹುಗಿದರು.

ಒಂದು ರಾತ್ರಿ ಶಿರಿಯಾ ಸಂಕದ ಮೇಲೆ
ಹಂಚು ಹೇರಿದ ಲಾರಿ ಅಡ್ಡ ನಿಂತಿತು.
ನನ್ನ ತೊಡೆಯ ಮೇಲೆ ಏಳನೆಯ ರೀಲು.
ಅತ್ತ ಉಪ್ಪಳದಲ್ಲಿ ಆರನೆಯದು ಮುಗಿದು,
ಹುಡುಗಿ ಚಿಲಕಕ್ಕೆ ಕೈಯಿಟ್ಟಲ್ಲಿಗೆ
ಪರದೆ ಬೆಳ್ಳಗಾಯಿತು.

ಒಂದು ಗಂಟೆ ಐದು ನಿಮಿಷ.
ಯಾರೂ ಎದ್ದು ಹೋಗಲಿಲ್ಲವಂತೆ.
ಸಿಳ್ಳೆ ಇಲ್ಲ, ಕುರ್ಚಿ ಮುರಿಯಲಿಲ್ಲ,
ಕಡಲೆ ಮಾರಲು ಬಂದ ಹುಡುಗ
ಅವರ ಮುಖಗಳನ್ನು ಕಂಡು ಹಿಂದೆ ಸರಿದನಂತೆ.
ಬೀಡಿ ಕಟ್ಟುವ ಕುಸುಮಕ್ಕ ಮಾತ್ರ
ಏನೂ ಇಲ್ಲದ ಆ ಬಿಳಿ ಬಟ್ಟೆಗೆ ಹೇಳುತ್ತಿದ್ದಳಂತೆ,
"ದೆಪ್ಪಡ ಮಗಾ, ದೆಪ್ಪಡ",
ತೆಗೆಯಬೇಡ ಬಾಗಿಲು.
ನಾನು ಪೆಟ್ಟಿಗೆ ತಲೆಗೇರಿಸಿ ಸಂಕದಿಂದ ಓಡಿದೆ,
ಒಳಗೆ ಅವನು ಗಡಗಡ ಅಲುಗುತ್ತ.
ಅಷ್ಟು ಜನ ಕಾದು ಕೂತ ಯಾರನ್ನೂ
ನಾನು ಅದಕ್ಕೆ ಮೊದಲು ಹೊತ್ತದ್ದಿಲ್ಲ,
ಆಮೇಲೂ ಇಲ್ಲ.

ಈಗ ಅದನ್ನೇ ಹೊಸತಾಗಿ ತೆಗೆದಿದ್ದಾರೆ.
ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ, ಮೂರನೇ ಮಾಳಿಗೆಯಲ್ಲಿ,
ಪೆಟ್ಟಿಗೆ ಹೊರುವವರು ಬೇಕಿಲ್ಲ.
ಮೊಮ್ಮಗಳು ಅನ್ವಿತಾ ಕರೆದುಕೊಂಡು ಹೋದಳು.
ಹಳೆಯದನ್ನು ಫೋನಿನಲ್ಲಿ ಎರಡು ಸಲ ನೋಡಿದ್ದಾಳೆ,
ಯಾರ ಹಿಂದೆ ಯಾರು ಸಾಯುವುದೆಂದು
ಬೆರಳು ಮಡಚಿ ಹೇಳುತ್ತಾಳೆ.
ಮತ್ತೆ ಯಾಕೆ ಬಂದದ್ದು ಮಾರಾಯ್ತಿ?
"ಗೊತ್ತಿದ್ದರೇ ಅಲ್ವಾ ಅಜ್ಜ,
ಸರಿಯಾಗಿ ಹೆದರ್ಲಿಕ್ಕೆ ಆಗುವುದು."

ಸುಳ್ಳು ಹೇಳಬಾರದು, ಚೆನ್ನಾಗಿತ್ತು.
ಮೈ ಬಂದಿದೆ ಆಸಾಮಿಗೆ, ಪಂಚೆ ಹೋಗಿ ಬೂಟ್ಸು.
ಸೊಳ್ಳೆಪರದೆ ಅಷ್ಟು ತೆಳು,
ಉಸಿರು ಬಿಟ್ಟಾಗ ಉಬ್ಬುವುದು ಕಾಣುತ್ತದೆ.
ಹೆಜ್ಜೆ ಸಪ್ಪಳ ನನ್ನ ಬೆನ್ನ ಹಿಂದಿನಿಂದಲೇ ಬಂತು,
ಎರಡು ಸಲ ತಿರುಗಿ ನೋಡಿದೆ.
ಆಗ ಹಿಂದಿಯಲ್ಲಿ ಸತ್ತವರು ಈಗ ಮಲಯಾಳದಲ್ಲಿ ಸತ್ತರು,
ಸುತ್ತ ಕೂತವರು ತುಳುವಿನಲ್ಲಿ, ಬ್ಯಾರಿಯಲ್ಲಿ ಕಿರುಚಿದರು.
ಕನ್ನಡದಲ್ಲಿ ನಾನು ಬರೆದಿಡುತ್ತಿದ್ದೇನೆ, ಅಷ್ಟೆ.

ಆಮೇಲೆ ಆ ಬಾಗಿಲು ಬಂತು.
ಅದೇ ಹಸಿರು ಬಣ್ಣ, ಯಾರೋ ಹುಡುಕಿ ಹೊಂದಿಸಿದ್ದಾರೆ.
ಹುಡುಗಿ ಚಿಲಕಕ್ಕೆ ಕೈಯಿಟ್ಟಳು.
ಅನ್ವಿತಾಳ ಉಗುರು ನನ್ನ ಮಣಿಕಟ್ಟಿನಲ್ಲಿ.
ಎದ್ದು ನಿಂತೇ ಬಿಟ್ಟಿದ್ದೆ, ಹಿಂದಿನವರು ಬೈದರು.

ಅವನು ತಡಮಾಡದೆ ಬಂದ.
ಒಂದು ಕ್ಷಣವೂ ಕಾಯಿಸಲಿಲ್ಲ.

ಮುಂದಿನದು ನಾನು ನೋಡಲಿಲ್ಲ.
ಕೂತು, ಕಣ್ಣು ಮುಚ್ಚಿ,
ಶಿರಿಯಾ ಸಂಕಕ್ಕೆ ಆ ಲಾರಿಯನ್ನು
ಮತ್ತೆ ತಂದು ಅಡ್ಡ ನಿಲ್ಲಿಸಿದೆ.
ಹಂಚು ಒಂದೊಂದಾಗಿ ಇಳಿಸುತ್ತಿದ್ದಾರೆ.
ಮೊಯ್ದುಚ್ಚ ಕೆಳಗಿಳಿದು ಬೀಡಿ ಹಚ್ಚಿದ್ದಾರೆ.
ತೊಡೆಯ ಮೇಲೆ ತಗಡು ತಣ್ಣಗಿದೆ.
ಉಪ್ಪಳದಲ್ಲಿ ಆ ಹುಡುಗಿಗೆ
ಇನ್ನೂ ಏನೂ ಆಗಿಲ್ಲ.