ನೂರಾ ಹನ್ನೆರಡು

ಬಾಗಿಲು ಧಡ್ಡೆಂದಿತು. ಬಡಿದದ್ದು ನಾನೇ.
ಒಳಗಿನಿಂದ ಬಕೀಸಿಯೊ, ಮೆತ್ತಗೆ, ಮಗುವಿಗೆ ಹೇಳುವ ಹಾಗೆ:
"ಬೊನಾರಿಯಾ, ಒಮ್ಮೆ ನೋಡಿಕೋ. ಎಷ್ಟಿದೆ?"

ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ
ನನ್ನ ಯಾವ ಸಿಟ್ಟೂ ನೇರವಾಗಿ ಅವನನ್ನು ತಲುಪಿಲ್ಲ.
ನಡುವೆ ಒಂದು ತೊಟ್ಟು ರಕ್ತದ ಸುಂಕದಕಟ್ಟೆ.
ಎಪ್ಪತ್ತಕ್ಕಿಂತ ಕೆಳಗಿದ್ದರೆ ಅದು ಸಕ್ಕರೆಯ ಸಿಟ್ಟು,
ಮುನ್ನೂರು ದಾಟಿದ್ದರೆ ಅದೂ ಸಕ್ಕರೆಯದೇ.
ನನ್ನ ಪಾಲಿಗೆ ಉಳಿಯುವುದು ಕ್ಷಮೆ ಕೇಳುವ ಕೆಲಸ.

ಅವನನ್ನೂ ದೂರಲಾರೆ.
ಆ ಫೆಬ್ರವರಿಯ ರಾತ್ರಿ ತಟ್ಟೆ ಎಸೆದೆನಂತೆ,
ಸತ್ತ ಅತ್ತೆಯ ಹೆಸರೆತ್ತಿ ಬೈದೆನಂತೆ,
ಅಡುಗೆಮನೆಯ ನೆಲದ ಮೇಲೆ ನನ್ನ ದವಡೆ ಹಿಡಿದು
ಅವನು ಏಪ್ರಿಕಾಟ್ ರಸ ಸುರಿದನಂತೆ.
ನನ್ನದು ಬರೀ ಅಂತೆ. ಕಂಡವನು ಅವನು.
ಅಂದಿನಿಂದ ನಾನು ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಾನೆ,
ಕತ್ತಲಲ್ಲಿ ಹಣೆ ಮುಟ್ಟಿ ಬೆವರು ಹುಡುಕುತ್ತಾನೆ.
ನಾನು ನಿದ್ದೆ ನಟಿಸುತ್ತೇನೆ.
ಒಂದು ಕಾಲಕ್ಕೆ ಆ ಕೈ ಬೇರೆ ಕಾರಣಕ್ಕೆ ಬರುತ್ತಿತ್ತು.

ಸಾರ್ಡೀನಿಯಾದ ಮಕ್ಕಳಲ್ಲಿ ಇದು ಹೆಚ್ಚಂತೆ.
ನನಗೆ ಬಂದಾಗ ಹನ್ನೊಂದು.
ದೃಷ್ಟಿಯಾಗಿದೆ ಎಂದಳು ಅಜ್ಜಿ,
ನೀರಿನ ಲೋಟಕ್ಕೆ ಒಂದೊಂದೇ ಗೋಧಿಕಾಳು ಬಿಟ್ಟಳು,
ಮೇಲೆದ್ದ ಗುಳ್ಳೆ ತೋರಿಸಿ, "ಇಕೋ, ಕಣ್ಣು" ಎಂದಳು.
ಎಷ್ಟೋ ಸಲ ಅನಿಸುತ್ತದೆ, ಅವಳೇ ವಾಸಿ:
ಅವಳ ಲೆಕ್ಕದಲ್ಲಿ ತಪ್ಪು ಬೇರೆ ಯಾರದೋ ಆಗಿತ್ತು.

ಒರಿಸ್ತಾನೊದ ಆಸ್ಪತ್ರೆಯಲ್ಲಿ ತಪ್ಪು ನನ್ನದು.
ಮೂರು ತಿಂಗಳ ಸರಾಸರಿಯನ್ನು ಡಾಕ್ಟರು
ಅಂಕಪಟ್ಟಿಯಂತೆ ಬೆಳಕಿಗೆ ಹಿಡಿಯುತ್ತಾರೆ.
ಹುಡುಗಿಯಾಗಿದ್ದಾಗ ಬಸ್ಸಿನಲ್ಲಿ ಕೂತು
ಆಸ್ಪತ್ರೆಯ ನೋಟುಪುಸ್ತಕಕ್ಕೆ ಸುಳ್ಳಂಕೆ ತುಂಬುತ್ತಿದ್ದೆ,
ನೀಲಿಯಲ್ಲಿ ಕೆಲವು, ಕಪ್ಪಿನಲ್ಲಿ ಕೆಲವು,
ಒಂದು ಪುಟಕ್ಕೆ ಬೇಕೆಂದೇ ಕಾಫಿ ಚೆಲ್ಲಿ.
ನೂರಾ ಹತ್ತು, ತೊಂಬತ್ತೆಂಟು, ನೂರಾ ಮೂವತ್ತು...
ಆ ಪುಸ್ತಕದ ಹುಡುಗಿ ಎಷ್ಟು ಗಟ್ಟಿಮುಟ್ಟಾಗಿದ್ದಳು!
ಎಲ್ಲಾದರೂ ಬದುಕಿದ್ದರೆ ಇಷ್ಟು ಹೊತ್ತಿಗೆ
ಗಾಳಿಗೆ ಎದುರಾಗಿ ಸೈಕಲ್ ತುಳಿಯುತ್ತಿರಬೇಕು.

ಕಣ್ಣು ನೋಡಿದ್ದಾರೆ, ಪಾದ ನೋಡಿದ್ದಾರೆ,
ಹೆಬ್ಬೆರಳಿಗೆ ನೂಲಿನಂಥ ತಂತಿ ತಾಗಿಸಿ "ಗೊತ್ತಾಗುತ್ತಾ?" ಎಂದಿದ್ದಾರೆ.
ಕಳೆದ ತಿಂಗಳು ಹೊಸ ನರ್ಸು, ಇನ್ನೂ ಚಿಕ್ಕವಳು,
ಪೆನ್ನು ಕೆಳಗಿಟ್ಟು ಕೇಳಿದಳು: "ಸಾಕಾಗಿದೆಯಾ ನಿಮಗೆ?"
ಇಲ್ಲವಲ್ಲ ಎಂದೆ.
ಕೋಟಿನ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಕಾಬ್ರಾಸಿನ ಷೆಡ್ಡಿನಲ್ಲಿ ನನ್ನ ಕೆಲಸ
ಮೀನಿನ ಮೊಟ್ಟೆಚೀಲ ಹರಿಯದಂತೆ ಬಿಡಿಸುವುದು,
ಉಪ್ಪಿನಲ್ಲಿ ಹೂಳುವುದು, ಹಲಗೆಯಡಿ ಒತ್ತುವುದು, ತೂಗುಹಾಕುವುದು.
ಎಷ್ಟು ಉಪ್ಪು, ಎಷ್ಟು ದಿನ, ಕೈಗೇ ಗೊತ್ತು.
ಅಲ್ಲಿ ಒಬ್ಬರೂ ನನ್ನನ್ನು ಸಂಖ್ಯೆ ಕೇಳಿಲ್ಲ.
ಬೆರಳತುದಿಯ ತೂತುಗಳಲ್ಲಿ ಉಪ್ಪು ಉರಿಯುತ್ತದೆ, ಅಷ್ಟೇ.

ಇವತ್ತು ಅವನು ನನ್ನಪ್ಪನ ದೋಣಿ ಮಾರಿದ.
ಹೇಳದೆ. ಸಾಂತಾ ಜುಸ್ತಾದ ಯಾರೋ ಒಬ್ಬನಿಗೆ, ಹುಟ್ಟುಗಳ ಸಮೇತ.
"ಒಬ್ಬಳೇ ಹೋಗ್ತೀಯ. ನೀರಿನ ನಡುವೆ ಸಕ್ಕರೆ ಇಳಿದುಬಿಟ್ಟರೆ?"
ಇದು ಅವನ ನ್ಯಾಯ.
ಪ್ರೀತಿಯೇ ಇರಬೇಕು. ಊರು ಅದನ್ನು ಹಾಗೇ ಕರೆಯುತ್ತದೆ.

ಹಿತ್ತಲ ಮೆಟ್ಟಿಲ ಮೇಲೆ ಕೂತು ಬೆರಳು ಚುಚ್ಚಿದೆ.
ಐದು ಎಣಿಸುವಷ್ಟು ಹೊತ್ತು.
ಉಪ್ಪುನೀರಿನ ಕಡೆಯಿಂದ ಜೊಂಡಿನ ವಾಸನೆ,
ಯಾರದೋ ದೋಣಿಯ ಮೋಟಾರು ಕೆಮ್ಮಿ ನಿಂತದ್ದು.
ನೂರಾ ಹನ್ನೆರಡು.

ಇಳಿದಿಲ್ಲ. ಏರಿಲ್ಲ.
ಹಾಗಾದರೆ ಈ ನಡುಕ ನನ್ನದು,
ಈ ಕಾದ ಕಿವಿ, ಈ ಬಿಗಿದ ಹಲ್ಲು, ಇಡಿಯಾಗಿ ನನ್ನವು.
ಸುಂಕದವನಿಗೆ ನಿದ್ದೆ ಹತ್ತಿದೆ.
ಎಷ್ಟು ವರ್ಷವಾಯಿತು, ನಿನ್ನನ್ನು ನೋಡಿ, ಎಂದೆ ನನ್ನ ಸಿಟ್ಟಿಗೆ,
ಮೂಗು ಒರೆಸಿಕೊಂಡೆ.

ಒಳಗೆ ಹೋಗಿ ಯಂತ್ರವನ್ನು ಅವನ ತಟ್ಟೆಯ ಪಕ್ಕ ಇಟ್ಟೆ.
ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.
ರಸದ ಪೊಟ್ಟಣವಿರುವ ಡ್ರಾಯರಿನತ್ತ ಹೊರಟ ಅವನ ಕೈ
ನಡುದಾರಿಯಲ್ಲಿ ನಿಂತಿತು.
"ಕೂತ್ಕೋ," ಎಂದೆ. "ದೋಣಿಯ ವಿಷಯ ಮಾತಾಡೋಣ."