ಬಿಂದುವಿನ ಆಚೆಗಿದ್ದದ್ದು

ಆ ಬೆಳಿಗ್ಗೆ ಕ್ಲಾಕ್ಸ್‌ವಿಕ್ ಬಂದರಿನ ಹರಾಜುಕಟ್ಟೆಯಲ್ಲಿ
ರೋಗ್ವಿ ತಂದ ಹ್ಯಾಲಿಬಟ್ ಮೀನು
ತಕ್ಕಡಿಯ ಮೇಲೆ ಅಂಗಾತ ಬಿದ್ದು
ಮೂವತ್ತಮೂರು ಕಿಲೋ ತೂಗಿತು.
ಪರದೆ ಹೇಳಿತು: ಮೈನಸ್
ಮೂವತ್ತೆರಡು ಸಾವಿರದ ಐನೂರ ಮೂವತ್ತಾರು ಗ್ರಾಂ.

ಅಂದರೆ ಅವನೇ ಕಡಲಿಗೆ ಮೀನು ಕೊಡಬೇಕು, ಬಾಕಿ!
ಐಸ್ ಸುರಿಯುವ ಹುಡುಗರು ಬಿದ್ದು ಬಿದ್ದು ನಕ್ಕರು,
"ಹೋಗಿ ವಾಪಸ್ ಹಾಕಿ ಬಾರೋ."

ಓಡಿದೆ. ಪ್ರೋಗ್ರಾಂ ನನ್ನದು.
ಗ್ರಾಮುಗಳನ್ನು ಶಾರ್ಟ್ ಎಂಬ ಪಾವಿನಲ್ಲಿ ಅಳೆದಿದ್ದೆ,
ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳಕ್ಕೆ
ಅದರ ಕಂಠ ಮುಗಿಯುತ್ತದೆ.
ಮೇಲೊಂದು ಕಾಳು ಬಿದ್ದರೂ
ಚೆಲ್ಲುವುದಿಲ್ಲ ಅದು, ಮಗುಚಿಕೊಳ್ಳುತ್ತದೆ,
ಸಾಲದ ತಳದಿಂದ ಮತ್ತೆ ಎಣಿಸತೊಡಗುತ್ತದೆ.
ಪಾವು ತೆಗೆದು ಕೊಳಗ ಇಟ್ಟೆ. ಲಾಂಗ್.
ಪಾವಿನದನ್ನು ಕೊಳಗಕ್ಕೆ ಸುರಿದರೆ
ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ.
ಹತ್ತು ನಿಮಿಷದ ಕೆಲಸ. ಕಾಫಿ ಕೊಟ್ಟರು.

ಕಾಫಿ ಆರುವ ಮುನ್ನ ರೋಗ್ವಿಯ ಅತ್ತೆ ಬ್ಯಾರ್ಟಾ
ಉಣ್ಣೆಯ ಕೈಗವಸು ಹಲ್ಲಲ್ಲಿ ಕಚ್ಚಿ ಕಳಚುತ್ತ ಬಂದು
ಪೆನ್ಸಿಲ್ಲಿನ ನೋಟುಬುಕ್ಕು ತೆರೆದಳು.
ಎಡಕ್ಕೆ ತಕ್ಕಡಿಯ ಚೀಟಿ, ಬಲಕ್ಕೆ ನೀವು ಕೊಟ್ಟದ್ದು.

31.9       31
28.6       28
19.95     19

"ಈ ಚೂರುಗಳು ಯಾರಿಗೆ, ಬೆಕ್ಕಿಗಾ?"
ಜನವರಿಯಿಂದ ಎಂಬತ್ತಾರು ಕಿಲೋ.
ಎರಡು ಸಲ ಕೂಡಿ ನೋಡಿದ್ದಳು.

ನೆನಪಾಯಿತು.
ಕೊನೆಯ ಬಸ್ಸು ತಪ್ಪುವ ಅವಸರದ ರಾತ್ರಿ
ಡಬಲ್‌ನಲ್ಲಿದ್ದದ್ದನ್ನು ಇಂಟ್‌ಗೆ ಸುರಿಯಹೋದಾಗ
ಕಂಪೈಲರ್ ಕೈ ಹಿಡಿದಿತ್ತು:
ಕಳೆದುಹೋಗಬಹುದು, ನೋಡಿಕೋ.
ಎರಡು ಕಂಸ, ನಡುವೆ ಮೂರಕ್ಷರ ಬರೆದೆ.
ಬಲ್ಲೆ, ಹೊಣೆ ನನ್ನದು ಎಂಬ ರುಜು ಅದು.
ಏನನ್ನೂ ಬಲ್ಲವನಾಗಿರಲಿಲ್ಲ. ಬಸ್ಸು ಸಿಕ್ಕಿತು.

ಅದು ಹತ್ತಿರದ ಅಂಕಿಗೆ ಸರಿಯುವುದಿಲ್ಲ,
ತೊಂಬತ್ತೈದೋ ಐದೋ ಕೇಳುವುದಿಲ್ಲ,
ಬಿಂದುವಿಗೆ ಬಂದು ಕೊಯ್ಯುತ್ತದೆ,
ಕಟ್ಟೆಯ ಮೇಲೆ ಬಾಲ ಕೊಯ್ದ ಹಾಗೆ.

"ರೌಂಡ್ ಮಾಡಿಬಿಡುತ್ತೇನೆ" ಎಂದೆ.
"ಸರಿಯಾಗಿ ಅರ್ಧ ಬಂದರೆ?"
"ಮೇಲಕ್ಕೆ."
"ಆಗ ನಿಮ್ಮ ಚೂರು ನನ್ನ ಕೈಗೆ."
ಪುಟ ತಿರುವಿ, ಖಾಲಿ ಹಾಳೆಯ ನಡುವೆ
ಹೊಸದೊಂದು ಗೆರೆ ಎಳೆದಳು:
"ಅದನ್ನೂ ಬರೆದಿಡಬೇಕಲ್ಲ."

ಹೊರಗೆ ಹುಡುಗರ ನಗು ಇನ್ನೂ ನಿಂತಿರಲಿಲ್ಲ.
ರೋಗ್ವಿಗೆ ಮೈನಸ್ ಎಂದು ಹೆಸರಿಟ್ಟಾಗಿತ್ತು.